ಬಾವಿ ನೀರಿನ ಕಬ್ಬಿಣವನ್ನು ಕಲರಿಮೀಟರ್‌ನಲ್ಲಿ ಅಳೆಯುವುದು ಹೇಗೆ: ಉತ್ತರ ಕನ್ನಡದವರಿಗೆ ಸಮಗ್ರ ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗೆ ಎಷ್ಟೋ ಮನೆಗಳಲ್ಲಿ ಕೇಳುವ ಮಾತಿದು. ಬೋರ್‌ವೆಲ್ ನೀರು ಬರುವಾಗ ತಿಳಿಯಾಗಿಯೇ ಇರುತ್ತದೆ. ರಾತ್ರಿ ಕೊಡಪಾನದಲ್ಲಿಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪಗೆ ಕೂತಿರುತ್ತದೆ. ಬಿಳಿ ಪಂಚೆ ಹಳದಿ ತಿರುಗುತ್ತದೆ, ಚಹಾ ಕಪ್ಪಾಗುತ್ತದೆ. ನಮ್ಮ ಚಿರೆಕಲ್ಲಿಗೆ ಬಣ್ಣ ಕೊಟ್ಟ ಕಬ್ಬಿಣವೇ ನೀರಿಗೂ ಇಳಿದಿರುತ್ತದೆ. ಆದರೆ ಎಷ್ಟು ಇಳಿದಿದೆ? ಕಣ್ಣಳತೆಗೆ ಅದು ಸಿಗುವುದಿಲ್ಲ. ಅದಕ್ಕೆ ಕಲರಿಮೀಟರ್ ಬೇಕು.

ಪಿಯು, ಡಿಗ್ರಿ ಕಾಲೇಜುಗಳ ಲ್ಯಾಬಿನಲ್ಲಿ ಈ ಯಂತ್ರ ಸಾಮಾನ್ಯವಾಗಿ ಇರುತ್ತದೆ. ಬಹಳ ಕಡೆ ಪರೀಕ್ಷೆಯ ವಾರ ಬಿಟ್ಟರೆ ಕಪಾಟಿನಿಂದ ಹೊರಗೆ ಬರುವುದೇ ಇಲ್ಲ. ಲ್ಯಾಬ್ ನಡೆಸುವವರು, ವಿಜ್ಞಾನದ ಮೇಷ್ಟ್ರುಗಳು, ಊರಿನ ನೀರು ಪರೀಕ್ಷಿಸಬೇಕೆನ್ನುವ ವಿದ್ಯಾರ್ಥಿಗಳು ಅದನ್ನು ಹೊರಗೆ ತೆಗೆಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಯಂತ್ರದೊಳಗೆ ಏನಿದೆ

ಒಂದು ದೀಪ, ಒಂದು ಬಣ್ಣದ ಫಿಲ್ಟರ್, ದ್ರಾವಣ ತುಂಬುವ ಗಾಜಿನ ಕೊಳವೆ ಅಂದರೆ ಕ್ಯುವೆಟ್, ಆಚೆ ಬದಿಗೆ ಬೆಳಕು ಹಿಡಿಯುವ ಫೋಟೋಸೆಲ್. ಇಷ್ಟೇ. ದ್ರಾವಣದ ಬಣ್ಣ ಗಾಢವಾದಷ್ಟೂ ಅದು ಹೆಚ್ಚು ಬೆಳಕು ನುಂಗುತ್ತದೆ, ಆಚೆ ತಲುಪುವುದು ಕಡಿಮೆಯಾಗುತ್ತದೆ. ದಪ್ಪಕ್ಕೂ ಬೆಳಕಿಗೂ ಇರುವ ಸಂಬಂಧವನ್ನು 1729ರಲ್ಲಿ ಬೂಗೇರ್ ಗುರುತಿಸಿದರು, 1760ರಲ್ಲಿ ಲ್ಯಾಂಬರ್ಟ್ ಸೂತ್ರವಾಗಿ ಬರೆದರು. ದ್ರಾವಣದಲ್ಲಿ ಕರಗಿದ ವಸ್ತುವಿನ ಪ್ರಮಾಣವನ್ನು ಅದಕ್ಕೆ ಜೋಡಿಸಿದವರು ಬಿಯರ್, 1852ರಲ್ಲಿ.

ಡಿಸ್‌ಪ್ಲೇ ಎರಡು ರೀತಿ ತೋರಿಸುತ್ತದೆ. ಒಂದು ಟ್ರಾನ್ಸ್‌ಮಿಟೆನ್ಸ್, ಅಂದರೆ ನೂರಕ್ಕೆ ಎಷ್ಟು ಬೆಳಕು ದಾಟಿತು ಎಂಬುದು. ಇನ್ನೊಂದು ಅಬ್ಸಾರ್ಬೆನ್ಸ್, ಹಳೆಯ ಯಂತ್ರಗಳ ಮೇಲೆ ಇದನ್ನೇ ಓ.ಡಿ. ಎಂದು ಬರೆದಿರುತ್ತಾರೆ. ಪೂರ್ತಿ ಬೆಳಕು ದಾಟಿದರೆ ಅಬ್ಸಾರ್ಬೆನ್ಸ್ 0. ಶೇಕಡಾ 10 ದಾಟಿದರೆ 1. ಶೇಕಡಾ 1 ಮಾತ್ರ ದಾಟಿದರೆ 2. ನಮಗೆ ಬೇಕಾದ್ದು ಅಬ್ಸಾರ್ಬೆನ್ಸ್, ಏಕೆಂದರೆ ಪ್ರಮಾಣ ಎರಡು ಪಟ್ಟಾದರೆ ಅದೂ ಎರಡು ಪಟ್ಟಾಗುತ್ತದೆ. 0.1ರಿಂದ 0.8ರ ನಡುವಿನ ರೀಡಿಂಗ್‌ಗಳನ್ನು ನೆಚ್ಚಿಕೊಳ್ಳಬಹುದು. ಅದಕ್ಕಿಂತ ಮೇಲೆ ಹೋದರೆ ಫೋಟೋಸೆಲ್‌ಗೆ ಸಿಗುವ ಬೆಳಕೇ ಕಡಿಮೆ, ಚಿಕ್ಕ ತಪ್ಪೂ ದೊಡ್ಡದಾಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರಕ್ಕೆ ಕಬ್ಬಿಣ ಗೊತ್ತಿಲ್ಲ. ನೀವು ಕೊಟ್ಟ ಎರಡು ದ್ರಾವಣಗಳನ್ನು ಅದು ಹೋಲಿಸಿ ಹೇಳುತ್ತದೆ, ಅಷ್ಟೇ. ಹಾಗಾಗಿ ಉತ್ತರ ಸರಿ ಬರುವುದು ಬಿಡುವುದು ಯಂತ್ರದ ಬೆಲೆಗಿಂತ ಜಾಸ್ತಿ ನಿಮ್ಮ ಬ್ಲ್ಯಾಂಕ್ (ಅಳೆಯುವ ವಸ್ತು ಒಂದನ್ನು ಬಿಟ್ಟು ಉಳಿದೆಲ್ಲ ಇರುವ ದ್ರಾವಣ), ಸ್ಟ್ಯಾಂಡರ್ಡ್ (ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ) ಮತ್ತು ಗಾಜಿನ ಪಾತ್ರೆಗಳ ಮೇಲೆ ನಿಂತಿದೆ. ದುಬಾರಿ ಮೀಟರ್ ಇಲ್ಲ ಎಂದು ಕೈಬಿಡಬೇಡಿ. ಸಾದಾ ಮೀಟರ್‌ನಲ್ಲೂ ನಂಬುವಂಥ ಕೆಲಸ ಮಾಡಬಹುದು.

ಯಂತ್ರವನ್ನು ಸಿದ್ಧ ಮಾಡುವುದು

ಕಿಟಕಿಯಿಂದ ದೂರ, ನೇರ ಬಿಸಿಲು ಬೀಳದ ಗಟ್ಟಿ ಮೇಜಿನ ಮೇಲಿಡಿ. ಸ್ವಿಚ್ ಹಾಕಿ 15 ನಿಮಿಷ ಬಿಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಏರಿಳಿಯುವುದು ಗೊತ್ತಲ್ವಾ? ಬಲ್ಬ್ ಇರುವ ಹಳೆಯ ಯಂತ್ರವಾದರೆ ಸ್ಟೆಬಿಲೈಸರ್ ಇಲ್ಲದೆ ರೀಡಿಂಗ್ ನಿಲ್ಲುವುದಿಲ್ಲ. ಎಲ್‌ಇಡಿ ಯಂತ್ರಗಳಿಗೆ ಈ ಕಾಟ ಕಡಿಮೆ.

ಆಮೇಲೆ ಕ್ಯುವೆಟ್‌ಗಳ ಪರೀಕ್ಷೆ. ಎಲ್ಲವಕ್ಕೂ ಡಿಸ್ಟಿಲ್ಡ್ ವಾಟರ್ ತುಂಬಿ, ಒಂದಕ್ಕೆ ಸೊನ್ನೆ ಹೊಂದಿಸಿ, ಉಳಿದವನ್ನು ಒಂದೊಂದಾಗಿ ಇಟ್ಟು ನೋಡಿ. 0.01ಕ್ಕಿಂತ ಹೆಚ್ಚು ವ್ಯತ್ಯಾಸ ತೋರಿಸಿದ್ದನ್ನು ಪಕ್ಕಕ್ಕಿಡಿ. ದುಂಡನೆಯ ಕೊಳವೆಯಾದರೆ ಅದರ ಮೇಲಿನ ಗೆರೆ ಪ್ರತಿ ಸಲ ಒಂದೇ ದಿಕ್ಕಿಗೆ ಬರಬೇಕು, ತಿರುಗಿಸಿದರೆ ರೀಡಿಂಗ್ ಬದಲಾಗುತ್ತದೆ. ಕೊಳವೆಯನ್ನು ಮೇಲ್ತುದಿಯಲ್ಲೇ ಹಿಡಿಯಿರಿ. ಒಳಗೆ ಇಡುವ ಮುಂಚೆ ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯಿಂದ ಒರೆಸಿ. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಬೆರಳಿನಿಂದ ಮೆಲ್ಲನೆ ತಟ್ಟಿ. ನನ್ನ ಸಲಹೆ ಕೇಳಿದರೆ, ಎಲ್ಲ ರೀಡಿಂಗ್‌ಗೂ ಒಂದೇ ಕೊಳವೆ ಬಳಸಿ. ತಿಳಿ ಬಣ್ಣದಿಂದ ಗಾಢ ಬಣ್ಣದ ಕಡೆಗೆ ಹೋಗಿ, ಪ್ರತಿ ಸಲ ಮುಂದಿನ ದ್ರಾವಣದಿಂದಲೇ ಎರಡು ಸಲ ತೊಳೆದು ತುಂಬಿ.

ಮೊದಲು ಮುರುಗಲಿನಲ್ಲಿ ಕೈ ಪಳಗಿಸಿ

ರಾಸಾಯನಿಕಕ್ಕೆ ಕೈ ಹಾಕುವ ಮುಂಚೆ ಯಂತ್ರದ ಗುಣ ತಿಳಿದುಕೊಳ್ಳಬೇಕು. ಅದಕ್ಕೆ ಮುರುಗಲಿಗಿಂತ (ಕೋಕಂ) ಒಳ್ಳೆಯ ವಸ್ತು ನಮ್ಮ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ನಾಲ್ಕಾರು ಒಣ ಸಿಪ್ಪೆಗಳನ್ನು ಅರ್ಧ ಲೋಟ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಫಿಲ್ಟರ್ ಪೇಪರ್‌ನಲ್ಲಿ ಸೋಸಿ. ಸಕ್ಕರೆ ಹಾಕಿದ ಶರಬತ್ತು ಬೇಡ.

ಈಗ ಫಿಲ್ಟರ್ ಆರಿಸುವುದನ್ನು ಕಲಿಯಿರಿ. ದ್ರಾವಣ ಯಾವ ಬಣ್ಣದ್ದೋ ಅದೇ ಬಣ್ಣದ ಫಿಲ್ಟರ್ ಹಾಕಿದರೆ ಏನೂ ಸಿಗುವುದಿಲ್ಲ, ಆ ಬೆಳಕನ್ನು ಅದು ಬಿಟ್ಟುಕೊಡುತ್ತದೆ. ಬೇಕಾದ್ದು ಎದುರು ಬಣ್ಣ. ಕೆಂಪು ದ್ರಾವಣಕ್ಕೆ ಹಸಿರು ಫಿಲ್ಟರ್, ಹಳದಿಗೆ ನೀಲಿ, ನೀಲಿಗೆ ಕಿತ್ತಳೆ ಅಥವಾ ಕೆಂಪು. ಓದಿ ನೆನಪಿಟ್ಟುಕೊಳ್ಳುವುದಕ್ಕಿಂತ ಮಾಡಿ ನೋಡುವುದು ಒಳ್ಳೆಯದು. ಮುರುಗಲಿನ ನೀರನ್ನು ಸಾಕಷ್ಟು ತೆಳ್ಳಗೆ ಮಾಡಿ, ಬೆಳಕಿನ ತರಂಗದ ಉದ್ದ 400ರಿಂದ 700 ನ್ಯಾನೊಮೀಟರ್‌ವರೆಗಿನ ಪ್ರತಿ ಫಿಲ್ಟರ್‌ನಲ್ಲೂ ಓದಿ. ಫಿಲ್ಟರ್ ಬದಲಿಸಿದಾಗಲೆಲ್ಲ ಬ್ಲ್ಯಾಂಕ್ ಇಟ್ಟು ಮತ್ತೆ ಸೊನ್ನೆ ಮಾಡಲೇಬೇಕು. ಕೆಂಪಿಗೆ ಕಾರಣವಾದ ಆಂಥೋಸಯನಿನ್ 510–520ರ ಆಸುಪಾಸಿನಲ್ಲಿ ಬೆಳಕನ್ನು ಹೆಚ್ಚು ನುಂಗುತ್ತದೆ, ಹಾಗಾಗಿ ಹಸಿರು ಫಿಲ್ಟರ್‌ನಲ್ಲಿ ಅಂಕೆ ಮೇಲೇರುತ್ತದೆ. ಶಿರಸಿ, ಸಿದ್ದಾಪುರದ ಕಡೆಯವರು ಅಡಿಕೆ ಬೇಯಿಸಿದ ಚೊಗರನ್ನು ತೆಳ್ಳಗೆ ಮಾಡಿ ಇದೇ ರೀತಿ ನೋಡಿ. ಅದು ಕಂದು ಬಣ್ಣದ್ದು, ನೀಲಿಯ ತುದಿಯಲ್ಲಿ ಹೆಚ್ಚು ತೋರಿಸುತ್ತದೆ. ಎರಡನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಬರೆದರೆ ಫಿಲ್ಟರ್ ಏಕೆ ಬೇಕು ಎಂಬುದು ಮಕ್ಕಳಿಗೆ ಪಾಠವಿಲ್ಲದೆ ಅರ್ಥವಾಗುತ್ತದೆ.

ಮುಂದಿನದು ನೇರ ಗೆರೆಯ ಪರೀಕ್ಷೆ. ಹಸಿರು ಫಿಲ್ಟರ್‌ನಲ್ಲಿ ಸುಮಾರು 0.8 ಬರುವಂಥ ಮುರುಗಲಿನ ದ್ರಾವಣ ಮಾಡಿಕೊಳ್ಳಿ. ಇದನ್ನು ಮಾಡುವುದೂ, ತೆಳ್ಳಗೆ ಮಾಡುವುದೂ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ. ಬ್ಲ್ಯಾಂಕ್ ಕೂಡ ಅದೇ. ದ್ರಾವಣ 7.5 ಮಿಲಿಗೆ ಆಸಿಡ್ 2.5 ಮಿಲಿ, ಆಮೇಲೆ 5ಕ್ಕೆ 5, ಆಮೇಲೆ 2.5ಕ್ಕೆ 7.5. ರೀಡಿಂಗ್‌ಗಳು 0.6, 0.4, 0.2ರ ಹತ್ತಿರ ಬಂದರೆ ಯಂತ್ರವೂ ನಿಮ್ಮ ಪಿಪೆಟ್ ಹಿಡಿತವೂ ಸರಿ ಇದೆ ಎಂದರ್ಥ.

ಈಗ ಇದನ್ನೇ ಬರೀ ನೀರಿನಲ್ಲಿ ತೆಳ್ಳಗೆ ಮಾಡಿ ನೋಡಿ. ಬಣ್ಣ ಲೆಕ್ಕಕ್ಕಿಂತ ಹೆಚ್ಚು ಮಾಸುತ್ತದೆ. ನೀರು ಬೆರೆತಂತೆ ಹುಳಿ ಕಡಿಮೆಯಾಗಿ, ಆ ಬಣ್ಣದ ವಸ್ತುವೇ ರೂಪ ಬದಲಿಸುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರಂತೂ ಕೆಂಪು ಹೋಗಿ ಮಸುಕು ನೀಲಿಗೆ ತಿರುಗುತ್ತದೆ. ಮುರುಗಲು ಅಷ್ಟೇ ಇದೆ, ಯಂತ್ರ ಹೇಳುವುದು ಮಾತ್ರ ಬೇರೆ. ಮುಂದೆ ಕಬ್ಬಿಣದ ಪರೀಕ್ಷೆಯಲ್ಲಿ ಬಫರ್, ಅಂದರೆ ಹುಳಿ ಏರಿಳಿಯದಂತೆ ಹಿಡಿದಿಡುವ ದ್ರಾವಣ, ಹಾಕುವಾಗ "ಇದ್ಯಾಕೆ, ಬಿಟ್ಟರಾಗದಾ" ಎನಿಸಿದರೆ ಈ ಕೊಳವೆಯನ್ನು ನೆನಪಿಸಿಕೊಳ್ಳಿ.

ನೀರು ತರುವುದು

ಹೆಚ್ಚಿನ ತಪ್ಪು ನಡೆಯುವುದು ಲ್ಯಾಬಿನಲ್ಲಲ್ಲ, ಬಾವಿಕಟ್ಟೆಯಲ್ಲಿ. ನೆಲದಡಿಯಲ್ಲಿ ಗಾಳಿ ಸಿಗದ ಜಾಗದಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿರುತ್ತದೆ. ಅದಕ್ಕೇ ನೀರು ತಿಳಿಯಾಗಿ ಕಾಣುವುದು. ಗಾಳಿ ತಾಗಿದ ಮೇಲೆ ಅದು ಫೆರಿಕ್ ಆಗಿ, ತುಕ್ಕಿನಂತೆ ತಳಕ್ಕೆ ಇಳಿಯುತ್ತದೆ. ಬಾಟಲಿಯನ್ನು ಒಂದು ದಿನ ಇಟ್ಟು ಮೇಲಿನ ತಿಳಿಯನ್ನಷ್ಟೇ ತೆಗೆದು ಅಳೆದರೆ ಕಬ್ಬಿಣವೇ ಇಲ್ಲ ಎಂಬ ಉತ್ತರ ಬಂದೀತು.

ಹೀಗೆ ಮಾಡಿ. 500 ಮಿಲಿಯ ಪ್ಲಾಸ್ಟಿಕ್ ಬಾಟಲಿಗೆ ಲ್ಯಾಬಿನಲ್ಲೇ 1 ಮಿಲಿ ಗಾಢ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ, ಮುಚ್ಚಳ ಬಿಗಿದು, ಮೇಲೆ "ಆಸಿಡ್ ಇದೆ" ಎಂದು ದೊಡ್ಡದಾಗಿ ಬರೆಯಿರಿ. ಮಕ್ಕಳ ಕೈಗೆ ಈ ಬಾಟಲಿ ಕೊಡಬೇಡಿ. ಬೋರ್‌ವೆಲ್ ಆದರೆ ಪಂಪು ಐದು ನಿಮಿಷವಾದರೂ ಓಡಲಿ, ಪೈಪಿನಲ್ಲಿ ನಿಂತ ನೀರಲ್ಲಿ ಪೈಪಿನ ತುಕ್ಕೂ ಇರುತ್ತದೆ. ತೆರೆದ ಬಾವಿಯಾದರೆ ಪ್ಲಾಸ್ಟಿಕ್ ಕೊಡದಲ್ಲಿ ಸೇದಿ, ಕಬ್ಬಿಣದ ಬಕೆಟ್ ಬೇಡ. ತಳದ ಕೆಸರು ಕದಡಬೇಡಿ. ಬಾಟಲಿ ಉಕ್ಕಿ ಹರಿಯದಂತೆ ಕುತ್ತಿಗೆಯವರೆಗೆ ತುಂಬಿ. ಊರು, ಬಾವಿಯ ಗುರುತು, ತಾರೀಖು, ಮಳೆ ಬಿದ್ದಿತ್ತೇ ಇಲ್ಲವೇ, ಇಷ್ಟನ್ನು ಅಲ್ಲೇ ಬರೆದುಕೊಳ್ಳಿ. ಲ್ಯಾಬಿಗೆ ಬಂದ ಮೇಲೆ ಚೆನ್ನಾಗಿ ಕುಲುಕಿಯೇ ಅಳತೆ ತೆಗೆಯಿರಿ.

ದ್ರಾವಣಗಳು

ಫೆನಾಂತ್ರೊಲಿನ್ ಎಂಬ ವಸ್ತು ಫೆರಸ್ ಕಬ್ಬಿಣದ ಜೊತೆ ಸೇರಿ ಕಿತ್ತಳೆ-ಕೆಂಪು ಬಣ್ಣ ಕೊಡುತ್ತದೆ. ಈ ಬಣ್ಣ 510 ನ್ಯಾನೊಮೀಟರ್‌ನಲ್ಲಿ ಹೆಚ್ಚು ನುಂಗುತ್ತದೆ, ಬೇಗ ಮಾಸುವುದೂ ಇಲ್ಲ. ನೀರಿನಲ್ಲಿರುವ ಫೆರಿಕ್ ಕಬ್ಬಿಣವನ್ನು ಮೊದಲು ಫೆರಸ್ ಮಾಡಬೇಕು, ಅದಕ್ಕೆ ಹೈಡ್ರಾಕ್ಸಿಲಮೀನ್. ಬೇಕಾದ ದ್ರಾವಣಗಳು ಇವು:

- ಫೆನಾಂತ್ರೊಲಿನ್: 100 ಮಿಲಿಗ್ರಾಂ ಪುಡಿಯನ್ನು 100 ಮಿಲಿ ಡಿಸ್ಟಿಲ್ಡ್ ವಾಟರ್‌ಗೆ ಹಾಕಿ, ಗಾಢ ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ ಬಿಟ್ಟು ಕರಗಿಸಿ.
- ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್: 10 ಗ್ರಾಂ, 100 ಮಿಲಿ ನೀರಿಗೆ.
- ಬಫರ್: 250 ಗ್ರಾಂ ಅಮೋನಿಯಂ ಅಸಿಟೇಟ್ 150 ಮಿಲಿ ನೀರಿನಲ್ಲಿ, ಮೇಲೆ 700 ಮಿಲಿ ಗ್ಲೇಷಿಯಲ್ ಅಸಿಟಿಕ್ ಆಸಿಡ್. ಕಡಿಮೆ ಬೇಕಾದರೆ ಇದೇ ಲೆಕ್ಕದಲ್ಲಿ ಹತ್ತನೇ ಒಂದು ಪಾಲು ಮಾಡಿ.
- ಕಬ್ಬಿಣದ ಮೂಲ ಸ್ಟ್ಯಾಂಡರ್ಡ್: 0.702 ಗ್ರಾಂ ಫೆರಸ್ ಅಮೋನಿಯಂ ಸಲ್ಫೇಟ್, ಸ್ವಲ್ಪ ದುರ್ಬಲ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿ 1 ಲೀಟರ್ ಮಾಡಿ. ಇದರಲ್ಲಿ ಲೀಟರಿಗೆ 100 ಮಿಲಿಗ್ರಾಂ ಕಬ್ಬಿಣ. ಇದರ 10 ಮಿಲಿಯನ್ನು 100 ಮಿಲಿ ಮಾಡಿದರೆ ಲೀಟರಿಗೆ 10 ಮಿಲಿಗ್ರಾಂ. ಈ ಎರಡನೆಯದನ್ನು ಅದೇ ದಿನ ಮಾಡಿ ಅದೇ ದಿನ ಬಳಸಿ.

ಹೈಡ್ರಾಕ್ಸಿಲಮೀನ್ ಮತ್ತು ಫೆನಾಂತ್ರೊಲಿನ್ ಎರಡೂ ವಿಷ. ಗ್ಲೇಷಿಯಲ್ ಅಸಿಟಿಕ್ ಆಸಿಡ್ ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಶುರು ಮಾಡಲೇಬೇಡಿ. ಪಿಪೆಟ್ಟನ್ನು ಬಾಯಿಂದ ಎಳೆಯುವ ಹಳೆಯ ಅಭ್ಯಾಸ ಇಲ್ಲಿ ಪೂರ್ತಿ ಬಿಡಬೇಕು.

ನಮ್ಮ ಕಡೆಗೇ ವಿಶೇಷವಾದ ಒಂದು ಎಚ್ಚರಿಕೆ ಇದೆ. ಇಲ್ಲಿನ ಕೆಂಪು ಧೂಳೇ ಕಬ್ಬಿಣ. ಬಾಗಿಲು ತೆರೆದಿಟ್ಟ ಲ್ಯಾಬಿನಲ್ಲಿ ಫ್ಲಾಸ್ಕಿನೊಳಗೆ ಕಣ್ಣಿಗೆ ಕಾಣದಷ್ಟು ಧೂಳು ಬಿದ್ದರೂ ರೀಡಿಂಗ್ ಏರುತ್ತದೆ. ಗಾಜಿನ ಸಾಮಾನನ್ನೆಲ್ಲ ಅರ್ಧಕ್ಕರ್ಧ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್‌ನಿಂದ ತೊಳೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಾಡಿಸಿ, ಬಾಯಿ ಕೆಳಗೆ ಮಾಡಿ ಒಣಗಿಸಿ. ತುಕ್ಕು ಹಿಡಿದ ಸ್ಟ್ಯಾಂಡು, ಇಕ್ಕಳಗಳನ್ನು ಮೇಜಿನಿಂದ ದೂರ ಇಡಿ.

ಗ್ರಾಫ್ ಕಟ್ಟುವುದು

ಐದು ಶಂಕುವಿನಾಕಾರದ ಫ್ಲಾಸ್ಕ್ ತೆಗೆದುಕೊಳ್ಳಿ. ಲೀಟರಿಗೆ 10 ಮಿಲಿಗ್ರಾಂ ಇರುವ ಸ್ಟ್ಯಾಂಡರ್ಡನ್ನು ಕ್ರಮವಾಗಿ 0, 2.5, 5, 7.5, 10 ಮಿಲಿ ಹಾಕಿ. ಎಲ್ಲಕ್ಕೂ ಡಿಸ್ಟಿಲ್ಡ್ ವಾಟರ್ ಸೇರಿಸಿ ಸುಮಾರು 50 ಮಿಲಿ ಮಾಡಿ. ಗಾಢ ಹೈಡ್ರೋಕ್ಲೋರಿಕ್ ಆಸಿಡ್ 2 ಮಿಲಿ, ಹೈಡ್ರಾಕ್ಸಿಲಮೀನ್ 1 ಮಿಲಿ, ಉಕ್ಕದಿರಲು ಒಂದೆರಡು ಗಾಜಿನ ಮಣಿ. ಫ್ಯೂಮ್ ಹುಡ್ ಕೆಳಗೆ 15–20 ಮಿಲಿ ಉಳಿಯುವವರೆಗೆ ಕುದಿಸಿ. ಹುಡ್ ಇಲ್ಲದಿದ್ದರೆ ಗಾಳಿ ಆಡುವ ಜಗಲಿಯಲ್ಲಿ ಮಾಡಿ, ಆವಿ ಮುಖಕ್ಕೆ ಬರಬಾರದು. ಯಂತ್ರದ ಹತ್ತಿರವಂತೂ ಬೇಡ, ಆಸಿಡ್ ಆವಿ ಅದನ್ನು ತಿಂದುಹಾಕುತ್ತದೆ.

ಪೂರ್ತಿ ಆರಿದ ಮೇಲೆ 50 ಮಿಲಿ ವಾಲ್ಯೂಮೆಟ್ರಿಕ್ ಫ್ಲಾಸ್ಕಿಗೆ ಸುರಿಯಿರಿ. ಕುದಿಸಿದ ಫ್ಲಾಸ್ಕನ್ನು ಸ್ವಲ್ಪ ನೀರಿನಿಂದ ತೊಳೆದು ಅದನ್ನೂ ಇದಕ್ಕೇ ಸೇರಿಸಿ. ಬಫರ್ 10 ಮಿಲಿ, ಫೆನಾಂತ್ರೊಲಿನ್ 4 ಮಿಲಿ ಹಾಕಿ, ಗೆರೆಯವರೆಗೆ ನೀರು ತುಂಬಿ, ತಲೆಕೆಳಗೆ ಮಾಡಿ ಬೆರೆಸಿ. 15 ನಿಮಿಷ ಕಾಯಿರಿ. ಈಗ ನಿಮ್ಮ ಬಳಿ ಲೀಟರಿಗೆ 0, 0.5, 1.0, 1.5, 2.0 ಮಿಲಿಗ್ರಾಂ ಕಬ್ಬಿಣದ ಐದು ದ್ರಾವಣಗಳಿವೆ. ತಿಳಿಯಿಂದ ಕಿತ್ತಳೆಯವರೆಗೆ ಅವು ಸಾಲಾಗಿ ನಿಂತದ್ದನ್ನು ನೋಡುವುದೇ ಒಂದು ಖುಷಿ.

510ರ ಫಿಲ್ಟರ್ ಹಾಕಿ. ನಿಮ್ಮ ಯಂತ್ರದಲ್ಲಿ ಅದಿಲ್ಲದಿದ್ದರೆ 500 ಅಥವಾ 520ರದ್ದು ನಡೆಯುತ್ತದೆ, ಎಲ್ಲಕ್ಕೂ ಅದನ್ನೇ ಬಳಸಿದರಾಯಿತು. ಮೊದಲು ಡಿಸ್ಟಿಲ್ಡ್ ವಾಟರ್‌ಗೆ ಸೊನ್ನೆ ಮಾಡಿ, ಕಬ್ಬಿಣ ಹಾಕದ ಬ್ಲ್ಯಾಂಕನ್ನು ಓದಿ. 0.01, 0.02 ಬಂದರೆ ಪರವಾಗಿಲ್ಲ. ಅದಕ್ಕಿಂತ ಮೇಲಾದರೆ, ಬ್ಲ್ಯಾಂಕಿನಲ್ಲಿ ಗುಲಾಬಿ ಛಾಯೆ ಕಂಡರೆ, ನಿಮ್ಮ ನೀರಿನಲ್ಲೋ ಆಸಿಡ್‌ನಲ್ಲೋ ಪಾತ್ರೆಯಲ್ಲೋ ಕಬ್ಬಿಣ ಇದೆ. ಅದನ್ನು ಹುಡುಕಿ ಸರಿಮಾಡದೆ ಮುಂದೆ ಹೋಗಬಾರದು. ಸರಿ ಇದ್ದರೆ ಈಗ ಬ್ಲ್ಯಾಂಕಿಗೇ ಸೊನ್ನೆ ಹೊಂದಿಸಿ, ಉಳಿದ ನಾಲ್ಕನ್ನು ಓದಿ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಕಬ್ಬಿಣದ ಪ್ರಮಾಣ, ಮೇಲಕ್ಕೆ ಅಬ್ಸಾರ್ಬೆನ್ಸ್ ಇಟ್ಟು ಒಂದೊಂದಕ್ಕೂ ಚುಕ್ಕೆ ಹಾಕಿ.

1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, ಒಳ್ಳೆಯ ಸ್ಪೆಕ್ಟ್ರೋಫೋಟೋಮೀಟರ್ ಆದರೆ ಲೀಟರಿಗೆ 1 ಮಿಲಿಗ್ರಾಂ ಕಬ್ಬಿಣಕ್ಕೆ ಸುಮಾರು 0.2 ಬರುತ್ತದೆ. ಫಿಲ್ಟರ್ ಕಲರಿಮೀಟರ್ ಅಗಲವಾದ ಪಟ್ಟಿಯ ಬೆಳಕನ್ನು ಬಿಡುವುದರಿಂದ ಇನ್ನೂ ಕಡಿಮೆ ತೋರಿಸಬಹುದು, ಅದು ಯಂತ್ರದ ದೋಷವಲ್ಲ. ಚುಕ್ಕೆಗಳು ಒಂದೇ ಗೆರೆಯಲ್ಲಿ ಕೂತರೆ ಸಾಕು. ಒಂದು ಚುಕ್ಕೆ ಮಾತ್ರ ದೂರ ನಿಂತರೆ ಅದನ್ನು ಅಳಿಸಬೇಡಿ, ಆ ದ್ರಾವಣವನ್ನು ಮತ್ತೆ ಮಾಡಿ.

ಬಾವಿ ನೀರಿನ ಸರದಿ

ಕುಲುಕಿದ ಬಾಟಲಿಯಿಂದ 50 ಮಿಲಿ ತೆಗೆದು ಮೇಲಿನಂತೆಯೇ ಎಲ್ಲ ಮಾಡಿ. ಒಂದು ಹೆಜ್ಜೆಯೂ ಬೇರೆಯಾಗಬಾರದು. ಜೊತೆಗೆ ಇನ್ನೊಂದು 50 ಮಿಲಿ ತೆಗೆದು, ಫೆನಾಂತ್ರೊಲಿನ್ ಒಂದನ್ನು ಬಿಟ್ಟು ಉಳಿದೆಲ್ಲ ಹಾಕಿ. ಇದು ನೀರಿನ ಸ್ವಂತ ಬಣ್ಣ ಮತ್ತು ಕದಡನ್ನು ತೋರಿಸುತ್ತದೆ. ಜುಲೈನ ನೀರಿಗೆ ಇದು ಬಿಟ್ಟರೆ ಆಗುವುದೇ ಇಲ್ಲ.

ಒಂದು ಲೆಕ್ಕ ನೋಡೋಣ. ನಿಮ್ಮ ಗ್ರಾಫಿನಲ್ಲಿ 1 ಮಿಲಿಗ್ರಾಂಗೆ 0.16 ಬಂದಿದೆ ಎಂದಿಟ್ಟುಕೊಳ್ಳಿ. ಬಾವಿ ನೀರು 0.21 ತೋರಿಸಿತು. ಫೆನಾಂತ್ರೊಲಿನ್ ಹಾಕದ ಜೋಡಿ 0.02 ತೋರಿಸಿತು. ಕಳೆದರೆ 0.19. ಅದನ್ನು 0.16ರಿಂದ ಭಾಗಿಸಿದರೆ 1.19, ಅಂದರೆ ಲೀಟರಿಗೆ ಸುಮಾರು 1.2 ಮಿಲಿಗ್ರಾಂ. ರೀಡಿಂಗ್ ಕೊನೆಯ ಸ್ಟ್ಯಾಂಡರ್ಡ್ ದಾಟಿ ಹೋದರೆ ಗೆರೆಯನ್ನು ಸುಮ್ನೆ ಮುಂದಕ್ಕೆ ಎಳೆಯಬೇಡಿ. 10 ಮಿಲಿ ನೀರು ತೆಗೆದು 50 ಮಾಡಿ ಮೊದಲಿನಿಂದ ಮಾಡಿ, ಉತ್ತರವನ್ನು 5ರಿಂದ ಗುಣಿಸಿ.

ಉತ್ತರವನ್ನು ನಂಬುವ ಮುಂಚೆ ಒಂದು ತಪಾಸಣೆ. ಅದೇ ಬಾವಿಯ ಮತ್ತೊಂದು 50 ಮಿಲಿಗೆ 2.5 ಮಿಲಿ ಸ್ಟ್ಯಾಂಡರ್ಡ್ ಸೇರಿಸಿ ಮಾಡಿ ನೋಡಿ. ಉತ್ತರ ಮೊದಲಿಗಿಂತ ಸುಮಾರು 0.5 ಹೆಚ್ಚು ಬರಬೇಕು. ಬರಲಿಲ್ಲವೆಂದರೆ ನೀರಿನಲ್ಲಿ ಏನೋ ಅಡ್ಡ ಬರುತ್ತಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳ ಹತ್ತಿರದ ಬಾವಿಗಳ ಉಪ್ಪು ಈ ಬಣ್ಣಕ್ಕೆ ತೊಂದರೆ ಮಾಡುವುದಿಲ್ಲ. ಆದರೆ ಎಲೆ ಕೊಳೆತು ಚಹಾದಂತಾದ ತೋಟದ ನೀರು ಮಾಡುತ್ತದೆ. ಅಂಥದ್ದನ್ನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡುವುದೇ ಸರಿ.

ಉಳಿದ ದ್ರಾವಣಗಳನ್ನೆಲ್ಲ ಒಂದು ಕ್ಯಾನಿನಲ್ಲಿ ಕೂಡಿಡಿ, ಮೇಲೆ ಹೆಸರು ಬರೆಯಿರಿ. ಕಾಲೇಜಿನ ರಾಸಾಯನಿಕ ತ್ಯಾಜ್ಯದ ಜೊತೆಗೇ ಅದು ಹೋಗಲಿ. ಬಾವಿಯ ಹತ್ತಿರದ ಚರಂಡಿಗೆ ಸುರಿಯಬೇಡಿ.

ಮಳೆಗಾಲದಲ್ಲಿ ಯಂತ್ರದ ಆರೈಕೆ

ಕರಾವಳಿಯ ತೇವಕ್ಕೆ ಫಿಲ್ಟರ್, ಲೆನ್ಸ್‌ಗಳ ಮೇಲೆ ಬೂಸ್ಟು ಬರುತ್ತದೆ. ಉಪ್ಪುಗಾಳಿಗೆ ಒಳಗಿನ ಸಂಪರ್ಕಗಳು ಹಸಿರುಗಟ್ಟುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ವಾರಕ್ಕೊಮ್ಮೆ ಅರ್ಧ ಗಂಟೆ ಸ್ವಿಚ್ ಹಾಕಿಟ್ಟರೆ ಒಳಗಿನ ತೇವ ಆರುತ್ತದೆ. ಕ್ಯುವೆಟ್ ಇಡುವ ಗುಳಿಯಲ್ಲಿ ಹನಿ ಬಿದ್ದರೆ ಆಗಲೇ ಒರೆಸಿ.

ಉತ್ತರ ಬಂದ ಮೇಲೆ

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ 2012ರ ಆವೃತ್ತಿ ಕಬ್ಬಿಣಕ್ಕೆ ಲೀಟರಿಗೆ 0.3 ಮಿಲಿಗ್ರಾಂ ಎಂದು ಮಿತಿ ಇಟ್ಟಿತ್ತು. ಆಮೇಲಿನ ತಿದ್ದುಪಡಿಯಲ್ಲಿ ಅದು 1.0 ಆಗಿದೆ. 0.3 ದಾಟಿದರೆ ಬಟ್ಟೆ, ಪಾತ್ರೆಗಳಿಗೆ ಕಲೆ ಬೀಳಲು ಶುರುವಾಗುತ್ತದೆ. ಮನೆಯವರಿಗೆ ಹೇಳುವಾಗ ಎರಡೂ ಅಂಕೆ ಹೇಳಿ, ಹೆದರಿಸಬೇಡಿ.

ಮಿತಿ ಮೀರಿದ ಮನೆಗೆ ಮೊದಲು ಸೂಚಿಸಬೇಕಾದ್ದು ಗಾಳಿಯಾಡಿಸುವ ವಿಧಾನ. ನೀರು ತೂತುಗಳಿರುವ ತಟ್ಟೆಯಿಂದ ಮಳೆಯಂತೆ ಬಿದ್ದು, ಟ್ಯಾಂಕಿನಲ್ಲಿ ಕೆಲವು ಗಂಟೆ ನಿಂತು, ಆಮೇಲೆ ಮರಳಿನ ಪದರ ಹಾದು ಬರಬೇಕು. ಕರಗಿದ ಕಬ್ಬಿಣ ಗಾಳಿ ತಾಗಿ ಗಟ್ಟಿಯಾಗುತ್ತದೆ, ಮರಳು ಅದನ್ನು ಹಿಡಿದುಕೊಳ್ಳುತ್ತದೆ. ಕೆಲಸ ಮಾಡಿತೇ ಎಂದು ತಿಳಿಯಲು ಮರಳಿಗೆ ಮುಂಚಿನ ನೀರು, ನಂತರದ ನೀರು, ಎರಡನ್ನೂ ಒಂದೇ ದಿನ, ಒಂದೇ ಗ್ರಾಫಿನಲ್ಲಿ ಅಳೆಯಿರಿ. ನಂತರದ ನೀರಿನ ಅಂಕೆ ಮತ್ತೆ ಏರಲು ಶುರುವಾದಾಗ ಮರಳು ತೊಳೆಯುವ ಹೊತ್ತಾಯಿತು ಎಂದು ಆ ಮನೆಗೆ ಹೇಳಿಕಳಿಸಿ.